ಪುಟ ಹದಿನಾಲ್ಕು, ಸ್ವಭಾವ

ಗ್ರಿಮ್ಸ್‌ಬಿಯ ಬಂದರಿನ ಹಿಂದೆ
ಮುಚ್ಚಿದ ಬಲೆಯಂಗಡಿ, ಅದರ ಮೇಲೊಂದು ಕೋಣೆ.
ಗುರುವಾರ ಸಂಜೆ ಏಳಕ್ಕೆ ನಾವು ನಾಲ್ವರು
ಸೂರ್ಯನನ್ನು ಬಿಟ್ಟು ಹೊರಡುತ್ತೇವೆ.
ಹೀಟರಿಗೆ ನಾಣ್ಯ ಹಾಕುವ ಸರದಿ ವಿಲ್ಫ್‌ನದು.

ಆಟ ನನ್ನದು. ಅಂದರೆ ಗ್ರಹಗಳು ನನ್ನವು,
ಅವುಗಳ ಗಾಳಿ, ಗುರುತ್ವ, ಸುಂಕದ ಕಟ್ಟೆ,
ಬಾಗಿಲಾಚೆ ಉಸಿರಾಡುತ್ತಿರುವುದು ಏನೆಂಬ ಗುಟ್ಟು.
ಮಿಕ್ಕವರಿಗೆ ತಲೆಗೊಂದು ಜೀವ, ಒಂದು ಪೆನ್ಸಿಲ್ಲು,
ಇಪ್ಪತ್ತು ಮುಖದ ದಾಳ.

ವಿಲ್ಫ್ ಕಪ್ತಾನ. ಬಸ್ಸೋಡಿಸುವ ಮಾರ್ಲೀನ್ ಹಡಗಿನ ವೈದ್ಯೆ.
ಇಬ್ಬರೂ ಮನುಷ್ಯರು. ಯಾವಾಗಲೂ ಮನುಷ್ಯರೇ.
"ಅನ್ಯರಾದರೆ ನೆನಪಿಡೋದು ಜಾಸ್ತಿ" ಎನ್ನುವ ವಿಲ್ಫ್
ಎದುರು ಬಂದ ಅನ್ಯರಿಗೆ
ಹೆಸರು ಕೇಳುವ ಮೊದಲೇ ಗುಂಡಿಕ್ಕುತ್ತಾನೆ.

ಹೊಸಬಳು ಯುರ್ಗಿತಾ. ಕೌನಾಸ್‌ನವಳು,
ಮೀನು ಕಾರ್ಖಾನೆಯಲ್ಲಿ ಹ್ಯಾಡಕ್‌ನ ಮುಳ್ಳು ತೆಗೆಯುತ್ತಾಳೆ.
ಪುಸ್ತಕ ತಿರುವಿ ಪುಟ ಹದಿನಾಲ್ಕಕ್ಕೆ ಬೆರಳಿಟ್ಟಳು:
"ನಾನು ಇವನು."

ಸ್ಕಾರ್ವರು. ತಣ್ಣನೆಯ ಗ್ರಹ, ಕಪ್ಪು ಕಡಲು.
ಬಲ ಹದಿನಾರು. ಬುದ್ಧಿ ಹನ್ನೆರಡು. ವಿಶ್ವಾಸ ಮೂರು.
ಬಾಲದ ತುದಿಗೆ ಕೊಕ್ಕೆಗತ್ತಿ. ಸದ್ದಿಲ್ಲದೆ ಬಂದು
ಕೇಬಲ್ ಕತ್ತರಿಸಿ ಹೋಗುವರು.
ಸ್ವಭಾವ: ಜಿಪುಣರು, ಮಾತಿಗೆ ತಪ್ಪುವರು, ಹಾಸ್ಯವಿಲ್ಲ.
ಒಂದಿಡೀ ಗ್ರಹಕ್ಕೆ ಒಂದೂವರೆ ಸಾಲು,
ಒಂದೇ ಅಚ್ಚಿನಿಂದ ಬಿದ್ದ ಬೆಲ್ಲ ಎಲ್ಲರೂ.

ಅವಳ ಸ್ಕಾರ್ವ ಮೊದಲ ರಾತ್ರಿಯೇ ಜೋಕು ಹೇಳಿದ.
ಅವರದು ವಾಸನೆಯ ಭಾಷೆ; ಹಾಗಾಗಿ ಅವಳು
ಒಂದೊಂದೇ ವಾಸನೆಯ ಹೆಸರು ಹಿಡಿದು ಹೋದಳು:
ತುಕ್ಕು. ಒದ್ದೆ ಉಣ್ಣೆ. ಅತ್ತೆಯ ಕೈಚೀಲ. ಮತ್ತೆ ತುಕ್ಕು.
ನಾಲ್ಕು ನಿಮಿಷ. ಯಾರೂ ನಗಲಿಲ್ಲ.
"ಹಾಸ್ಯವಿಲ್ಲ ಅಂತ ಇದೆ ನೋಡು," ವಿಲ್ಫ್ ಪುಟ ತೋರಿಸಿದ.
"ಇದೆ," ಅಂದಳು. "ನಿಮ್ಮ ಮೂಗಿಗೆ ಸಿಗ್ತಿಲ್ಲ."
ಆಮೇಲೆ, ಚಹಾದ ಮಗ್ಗಿನೊಳಗೆ ನೋಡುತ್ತಾ:
"ನಮ್ಮ ಸೂಪರ್‌ವೈಸರೂ ಹೀಗೇ ಅಂತಾನೆ,
ನಮ್ಮ ದೇಶದವರಿಗೆ ನಗು ಬರಲ್ಲ ಅಂತ.
ಊರಲ್ಲಿ ನನ್ನ ಮಾತಿಗೆ ಸಾವಿನ ಮನೇಲೂ ನಗ್ತಿದ್ರು."

ಹೀಟರಿನ ನಾಣ್ಯ ಮುಗಿಯಿತು.
"ಈ ಪುಟ ಬರೆದದ್ದು ಯಾರು?"

ನಾನು. ಹದಿನಾಲ್ಕರ ಹುಡುಗ, ಶಾಲೆಯ ಗೀಟು ಹಾಳೆಯಲ್ಲಿ.
ಅಪ್ಪ ಟ್ರಾಲರಿನಲ್ಲಿದ್ದ. ಐಸ್‌ಲ್ಯಾಂಡಿನ ಕಾವಲು ಹಡಗು
ಅಡ್ಡ ಬಂದು, ಕೊಕ್ಕೆ ಇಳಿಸಿ, ಬಲೆಯ ತಂತಿ ಕತ್ತರಿಸಿದ್ದನ್ನು
ಅಡುಗೆಮನೆಯಲ್ಲಿ ಫೋರ್ಕು ಹಿಡಿದು ತೋರಿಸುತ್ತಿದ್ದ.
"ಒಬ್ಬನಾದರೂ ನಗಬೇಡವೇನೋ? ಒಬ್ಬನೂ ನಗಲಿಲ್ಲ."
ಆಮೇಲೆ ಆ ಕಡಲು ಅವರದಾಯಿತು,
ಅಪ್ಪ ಬಿಸ್ಕತ್ತು ಗೋದಾಮಿನ ಗೇಟು ಕಾದ.
ನಾನು ಅವರನ್ನು ಹನ್ನೊಂದು ಜ್ಯೋತಿರ್ವರ್ಷ ಆಚೆಗಿಟ್ಟೆ,
ಬಾಲ ಅಂಟಿಸಿದೆ,
ನಲವತ್ತು ವರ್ಷ, ಗುರುವಾರ ತಪ್ಪದೆ,
ಯಾರಾದರೊಬ್ಬರ ಕೈಲಿ ಕೊಲ್ಲಿಸಿದೆ.

ಇದ್ಯಾವುದನ್ನೂ ಹೇಳಲಿಲ್ಲ. "ಹಳೇ ಪುಟ" ಅಂದೆ, ಅಷ್ಟೆ.

ಮುಂದಿನ ವಾರ ಹಡಗು ಸ್ಕಾರ್ವರ ಕಡಲಿಗಿಳಿಯಿತು.
ದಂಡೆಯಲ್ಲಿ ನೂರು ಬಾಲ ಎದ್ದವು.
ವಿಲ್ಫ್ ಬಂದೂಕೆತ್ತಿ ದಾಳ ಎಸೆದ; ಎರಡರ ಗರ ಬಿತ್ತು,
ಕುದುರೆ ಸಿಕ್ಕಿಕೊಂಡಿತು, ಮಾತಲ್ಲದೆ ಬೇರೆ ದಾರಿ ಉಳಿಯಲಿಲ್ಲ.
ಯುರ್ಗಿತಾ ದಾಳ ಮುಟ್ಟಲಿಲ್ಲ. ನನ್ನನ್ನೇ ಕೇಳಿದಳು:
"ಇವರ ಕಡಲಲ್ಲಿ ಮೀನಿದೆಯಾ?"

ಬರೆದಿರಲಿಲ್ಲ.
ಕತ್ತಿಯ ಉದ್ದವನ್ನು ಇಂಚಿನ ಲೆಕ್ಕದಲ್ಲಿ ಬರೆದಿದ್ದೆ,
ಅವರು ಏನು ಉಣ್ಣುತ್ತಾರೆಂದು ಬರೆದಿರಲಿಲ್ಲ.
ರಟ್ಟಿನ ಪರದೆಯ ಹಿಂದೆ ಸುಮ್ಮನೊಂದು ಗರ ಹಾಕಿದೆ,
ಎಷ್ಟು ಬಿತ್ತೆಂದು ನೋಡಲಿಲ್ಲ.
"ಇದೆ," ಅಂದೆ.
"ಕಡಿಮೆಯಾಗ್ತಿದೆ."